ಅಯಾನಿನ ಜೊತೆ ದಾಟುವ ನೀರು: ಜಪಾನಿನ ಉಪ್ಪಿನ ಕಾರ್ಖಾನೆಗಳ ಒಂದು ಪ್ರಕರಣ ಅಧ್ಯಯನ

ಜಪಾನಿನ ನೆಲದಡಿ ಉಪ್ಪಿನ ಗಣಿಗಳಿಲ್ಲ. ಸುತ್ತಲೂ ಸಮುದ್ರವಿದ್ದರೂ ಅದರ ನೀರನ್ನು ಬಿಸಿಲಿಗೆ ಒಡ್ಡಿ ಉಪ್ಪು ಬೆಳೆಯುವಷ್ಟು ದೀರ್ಘವಾದ ಒಣ ಋತುವೂ ಆ ದೇಶಕ್ಕಿಲ್ಲ. ಶತಮಾನಗಳ ಕಾಲ ಉಪ್ಪಿನ ಗದ್ದೆಗಳನ್ನೂ ಕುದಿಸುವ ಕಡಾಯಿಗಳನ್ನೂ ನಂಬಿಕೊಂಡಿದ್ದ ಆ ದೇಶ, 1972ರಲ್ಲಿ ತನ್ನ ಗದ್ದೆಗಳನ್ನು ಹೆಚ್ಚುಕಡಿಮೆ ಪೂರ್ತಿಯಾಗಿ ಮುಚ್ಚಿ, ಸಮುದ್ರದ ನೀರಿನಿಂದ ಅಡುಗೆಯ ಉಪ್ಪನ್ನು ಅಯಾನು ವಿನಿಮಯ ಪೊರೆಗಳ ಮೂಲಕ (ಅಯಾನುಗಳನ್ನು, ಅಂದರೆ ವಿದ್ಯುತ್ ಆವೇಶ ಹೊತ್ತ ಕಣಗಳನ್ನು, ಆರಿಸಿ ದಾಟಿಸುವ ಹಾಳೆಗಳ ಮೂಲಕ) ತೆಗೆಯುವ ವಿಧಾನಕ್ಕೆ ಬದಲಾಯಿಸಿಕೊಂಡಿತು. ಒಂದು ಇಡೀ ದೇಶದ ಆಹಾರದ ಉಪ್ಪು ಪೊರೆಯನ್ನು ದಾಟಿ ಬರಬೇಕೆಂದು ತೀರ್ಮಾನವಾದ ಈ ಸಂದರ್ಭವನ್ನು ನಾನು ಇಲ್ಲಿ ಆರಿಸಿಕೊಂಡಿರುವುದಕ್ಕೆ ಒಂದು ನಿರ್ದಿಷ್ಟ ಕಾರಣವಿದೆ. ಅಯಾನು ವಿನಿಮಯ ಪೊರೆಯ ಬಗ್ಗೆ ಪಾಠ ಹೇಳುವಾಗ ನಾವು ಸಾಮಾನ್ಯವಾಗಿ ಅಯಾನುಗಳ ಕಥೆಯನ್ನಷ್ಟೇ ಹೇಳುತ್ತೇವೆ: ಧನ ಅಯಾನು ಈ ಪೊರೆಯನ್ನು ದಾಟುತ್ತದೆ, ಋಣ ಅಯಾನು ಆ ಪೊರೆಯನ್ನು ದಾಟುತ್ತದೆ ಎಂದು ಚಿತ್ರ ಬರೆದು ಮುಗಿಸುತ್ತೇವೆ. ಆದರೆ ಈ ಕಾರ್ಖಾನೆಗಳ ಯಂತ್ರದ ಗಾತ್ರ, ವಿದ್ಯುತ್ತಿನ ಖರ್ಚು, ಉಗಿಯ ಖರ್ಚು ಇವೆಲ್ಲವನ್ನೂ ನಿರ್ಧರಿಸಿದ್ದು ಅಯಾನಿನ ಜೊತೆಗೆ ದಾಟಿಬರುವ ನೀರು.

ಗದ್ದೆಯಿಂದ ಪೊರೆಗೆ

ಉತ್ತರ ಕನ್ನಡದ ಗೋಕರ್ಣದ ಬಳಿ ಅಘನಾಶಿನಿಯ ಅಳಿವೆಯಲ್ಲಿರುವ ಸಾಣಿಕಟ್ಟಾದ ಉಪ್ಪಿನ ಆಗರವನ್ನು ಕಂಡವರಿಗೆ ಜಪಾನಿನ ತೊಂದರೆ ಮೊದಲಿಗೆ ವಿಚಿತ್ರವೆನಿಸಬಹುದು. ಜಪಾನಿನಲ್ಲಿ ವರ್ಷಕ್ಕೆ ಸರಾಸರಿ ಸುಮಾರು 1,700 ಮಿಲಿಮೀಟರ್ ಮಳೆ ಬೀಳುತ್ತದೆ. ನಮ್ಮ ಕರಾವಳಿಯಲ್ಲಿ 3,000 ಮಿಲಿಮೀಟರಿಗೂ ಹೆಚ್ಚು. ಹಾಗಿದ್ದೂ ಸಾಣಿಕಟ್ಟಾದಲ್ಲಿ ಬಿಸಿಲಿನಿಂದಲೇ ಉಪ್ಪು ಬೆಳೆಯುತ್ತದೆ, ಏಕೆಂದರೆ ಆ ಮಳೆಯೆಲ್ಲ ಕೆಲವೇ ತಿಂಗಳುಗಳಲ್ಲಿ ಸುರಿದು ಹೋಗಿ, ಚಳಿಗಾಲದಿಂದ ಮೇ ತಿಂಗಳವರೆಗೆ ಆಕಾಶ ಶುಭ್ರವಾಗಿರುತ್ತದೆ. ಜಪಾನಿನ ಮಳೆ ವರ್ಷವಿಡೀ ಹಂಚಿಹೋಗಿದೆ, ಗಾಳಿಯಲ್ಲಿ ತೇವವೂ ಹೆಚ್ಚು. ಆದ್ದರಿಂದ ಅಲ್ಲಿ ಉಪ್ಪಿನ ತಯಾರಿಕೆ ಎಂದಿನಿಂದಲೂ ಎರಡು ಹೆಜ್ಜೆಯ ಕೆಲಸವಾಗಿತ್ತು: ಮೊದಲು ಸಮುದ್ರದ ನೀರನ್ನು ಹೇಗಾದರೂ ಗಟ್ಟಿ ಉಪ್ಪುನೀರಾಗಿ ಮಾಡಿಕೊಳ್ಳುವುದು, ಆಮೇಲೆ ಅದನ್ನು ಉರಿ ಹಾಕಿ ಬತ್ತಿಸಿ ಹರಳು ತೆಗೆಯುವುದು.

ಮೊದಲ ಹೆಜ್ಜೆಗೆ ಅವರು ಕಂಡುಕೊಂಡ ಉಪಾಯಗಳು ಅದ್ಭುತವಾದವು. ನೋಟೋ ಪರ್ಯಾಯದ್ವೀಪದ ಸುಜು ತೀರದಲ್ಲಿ ಸಮುದ್ರದ ನೀರನ್ನು ಹೊತ್ತು ತಂದು ಮರಳಿನ ಮೇಲೆ ಚಿಮುಕಿಸುವ ‘ಆಗೆಹಾಮಾ’ ಪದ್ಧತಿ ಇತ್ತು. ಭರತ ಇಳಿತಗಳು ಅನುಕೂಲವಾಗಿದ್ದ ಸೆತೋ ಒಳನಾಡು ಸಮುದ್ರದ ದಂಡೆಯಲ್ಲಿ, ಭರತದ ನೀರನ್ನು ತೂಬಿನಿಂದ ಒಳಬಿಟ್ಟು, ಅದು ಮರಳಿನೊಳಗಿಂದ ತಾನಾಗಿ ಮೇಲೇರಿ ಒಣಗುವಂತೆ ಮಾಡುವ ‘ಇರಿಹಾಮಾ’ ಗದ್ದೆಗಳಿದ್ದವು. ಒಣಗಿದ ಮರಳಿಗೆ ಅಂಟಿಕೊಂಡ ಉಪ್ಪನ್ನು ಮತ್ತೆ ಸಮುದ್ರದ ನೀರಿನಲ್ಲೇ ತೊಳೆದರೆ ಗಟ್ಟಿ ಉಪ್ಪುನೀರು ಸಿಗುತ್ತಿತ್ತು. 1950ರ ದಶಕದಲ್ಲಿ ಇದಕ್ಕೂ ಬದಲಾಗಿ, ಪಂಪಿನಿಂದ ಎತ್ತಿದ ನೀರನ್ನು ಇಳಿಜಾರು ನೆಲದ ಮೇಲೆ ಹರಿಸಿ, ಬಳಿಕ ಎತ್ತರದ ಚೌಕಟ್ಟಿಗೆ ಕಟ್ಟಿದ ಬಿದಿರಿನ ಕಡ್ಡಿಗಳ ಮೇಲಿಂದ ತೊಟ್ಟಿಕ್ಕಿಸಿ ಗಾಳಿಯಿಂದ ಒಣಗಿಸುವ ಪದ್ಧತಿ ಬಂತು. ಮರಳು ಹೊರುವ ಬೆನ್ನುಮುರಿಯುವ ಕೆಲಸ ಅಲ್ಲಿಗೆ ತಪ್ಪಿತಾದರೂ ಮಳೆಯ ಭಯ ತಪ್ಪಲಿಲ್ಲ, ವಿಸ್ತಾರವಾದ ಜಾಗದ ಅಗತ್ಯವೂ ತಪ್ಪಲಿಲ್ಲ.

ಉಪ್ಪು ಆಗ ಸರ್ಕಾರದ ಏಕಸ್ವಾಮ್ಯದಲ್ಲಿತ್ತು; 1905ರಲ್ಲಿ ಆರಂಭವಾದ ಆ ವ್ಯವಸ್ಥೆ 1997ರವರೆಗೂ ಉಳಿದುಬಂತು. ಹೀಗಾಗಿ ಯಾವ ವಿಧಾನದಿಂದ ಉಪ್ಪು ತಯಾರಾಗಬೇಕು ಎಂಬುದು ಮಾರುಕಟ್ಟೆಗಿಂತ ಹೆಚ್ಚಾಗಿ ನೀತಿಯ ಪ್ರಶ್ನೆಯಾಗಿತ್ತು. 1971ರಲ್ಲಿ ಉಪ್ಪಿನ ಉದ್ಯಮದ ಆಧುನೀಕರಣಕ್ಕಾಗಿ ಒಂದು ವಿಶೇಷ ಕಾಯ್ದೆ ಬಂದು, ಗದ್ದೆಗಳನ್ನು ಬಿಟ್ಟುಕೊಟ್ಟವರಿಗೆ ಪರಿಹಾರ ಕೊಟ್ಟು, ಮರುವರ್ಷದಿಂದ ತಯಾರಿಕೆಯನ್ನು ಪೊರೆ ಬಳಸುವ ಏಳು ಕಂಪನಿಗಳಿಗೆ ಸೀಮಿತಗೊಳಿಸಲಾಯಿತು. ಆಕೋ, ನಾರುತೋ, ಸಾಕಾಯಿದೆ ಮುಂತಾದ, ಹಳೆಯ ಗದ್ದೆಗಳಿಗೆ ಹೆಸರಾಗಿದ್ದ ಊರುಗಳಲ್ಲೇ ಈ ಹೊಸ ಕಾರ್ಖಾನೆಗಳು ನಿಂತವು.

ಪೊರೆಯ ತಂತ್ರ ಜಪಾನಿನಲ್ಲಿ ಹುಟ್ಟಿದ್ದಲ್ಲ. ಧನ ಮತ್ತು ಋಣ ಅಯಾನುಗಳ ಪೊರೆಗಳನ್ನು ಒಂದು ಬಿಟ್ಟು ಒಂದರಂತೆ ಸಾಲಾಗಿ ಜೋಡಿಸಿ, ಅವುಗಳ ನಡುವಿನ ಕೋಣೆಗಳಲ್ಲಿ ಉಪ್ಪು ನೀರು ತುಂಬಿ, ವಿದ್ಯುತ್ ಹರಿಸಿ ಅಯಾನುಗಳನ್ನು ದಾಟಿಸುವ ಯೋಚನೆಯನ್ನು 1940ರಲ್ಲಿ ಮೆಯರ್ ಮತ್ತು ಸ್ಟ್ರೌಸ್ ಪ್ರಕಟಿಸಿದ್ದರು. ಬಳಕೆಗೆ ಯೋಗ್ಯವಾದ ಕೃತಕ ಪೊರೆಯನ್ನು 1950ರಲ್ಲಿ ಅಮೆರಿಕದ ಜೂಡಾ ಮತ್ತು ಮೆಕ್ರೇ ವರದಿ ಮಾಡಿದರು. ಅಮೆರಿಕದಲ್ಲಿ ಇದರ ಉದ್ದೇಶ ಚೌಳು ನೀರನ್ನು ಸಿಹಿಗೊಳಿಸುವುದಾಗಿತ್ತು. ಅದೇ ಯಂತ್ರದಿಂದ ಎರಡು ಧಾರೆಗಳು ಹೊರಬರುತ್ತವೆ: ಒಂದು ಉಪ್ಪು ಕಳೆದುಕೊಂಡದ್ದು, ಇನ್ನೊಂದು ಉಪ್ಪು ತುಂಬಿಕೊಂಡದ್ದು. ಅಮೆರಿಕದವರು ಮೊದಲನೆಯದನ್ನು ಇಟ್ಟುಕೊಂಡು ಎರಡನೆಯದನ್ನು ಚೆಲ್ಲಿದರು; ಜಪಾನಿನವರು ಮೊದಲನೆಯದನ್ನು ಸಮುದ್ರಕ್ಕೆ ಮರಳಿಸಿ ಎರಡನೆಯದನ್ನು ಇಟ್ಟುಕೊಂಡರು. ಈ ಅದಲುಬದಲು ಸರಳವಾಗಿ ಕಾಣುತ್ತದೆ. ಆದರೆ ಪೊರೆಯಿಂದ ಕೇಳುವ ಗುಣಗಳೇ ಇದರಿಂದ ಬದಲಾದವು. ನೀರನ್ನು ಸಿಹಿಗೊಳಿಸುವವನಿಗೆ ಪೊರೆಯ ಮೂಲಕ ಒಂದಿಷ್ಟು ನೀರು ಸೋರಿಹೋದರೆ ಅಲ್ಪ ನಷ್ಟ, ಅಷ್ಟೆ. ಉಪ್ಪು ಮಾಡುವವನಿಗೆ ಆ ನೀರೇ ಮುಖ್ಯ ಸಮಸ್ಯೆ.

ಪೊರೆಯೊಳಗೆ ನಡೆಯುವುದು

ಈ ಪೊರೆಗಳು ಸ್ಟೈರೀನ್ ಮತ್ತು ಡೈವಿನೈಲ್ ಬೆಂಜೀನ್ ಸೇರಿ ಆದ ಪಾಲಿಮರ್ ಜಾಲಗಳು. ಜಾಲದ ಎಳೆಗಳಿಗೆ ಸಲ್ಫೋನಿಕ್ ಗುಂಪುಗಳನ್ನು ಕೂರಿಸಿದರೆ ಎಳೆಗೆ ಋಣ ಆವೇಶ ಬರುತ್ತದೆ, ಮತ್ತು ಆ ಪೊರೆ ಸೋಡಿಯಂನಂಥ ಧನ ಅಯಾನುಗಳಿಗೆ ದಾರಿ ಕೊಡುತ್ತದೆ. ಚತುರ್ಬಂಧಿತ ಅಮೋನಿಯಂ ಗುಂಪುಗಳನ್ನು ಕೂರಿಸಿದರೆ ಎಳೆಗೆ ಧನ ಆವೇಶ ಬಂದು, ಪೊರೆ ಕ್ಲೋರೈಡಿಗೆ ದಾರಿ ಕೊಡುತ್ತದೆ. ಒಣಗಿದಾಗ ಇದು ಗಟ್ಟಿಯಾದ ಪ್ಲಾಸ್ಟಿಕ್ ಹಾಳೆಯಂತಿದ್ದರೂ, ನೀರಿಗೆ ಬಿದ್ದೊಡನೆ ಆವೇಶದ ಗುಂಪುಗಳು ನೀರನ್ನು ಎಳೆದುಕೊಂಡು ಜಾಲ ಉಬ್ಬುತ್ತದೆ. ಆ ಉಬ್ಬನ್ನು ಜಾಲದ ಅಡ್ಡಬಂಧಗಳು ತಡೆದು ನಿಲ್ಲಿಸುತ್ತವೆ. ಪೊರೆಯೊಳಗಿನ ಈ ನೀರಿನಲ್ಲಿ, ಎಳೆಗೆ ಅಂಟಿಕೊಂಡ ಆವೇಶಕ್ಕೆ ಸರಿಸಮವಾಗಿ ವಿರುದ್ಧ ಆವೇಶದ ಅಯಾನುಗಳು ಓಡಾಡಿಕೊಂಡಿರುತ್ತವೆ. ಅವುಗಳ ಸಾರತೆ ಸಮುದ್ರದ ನೀರಿನ ಸಾರತೆಗಿಂತ ಎಷ್ಟೋ ಪಟ್ಟು ಹೆಚ್ಚು. ಎಳೆಯದೇ ಆವೇಶವುಳ್ಳ ಅಯಾನು ಹೊರಗಿನಿಂದ ಒಳಬರಲು ಹೋದರೆ ಅದಕ್ಕೆ ಹಿಮ್ಮೆಟ್ಟಿಕೆ ಎದುರಾಗುತ್ತದೆ. 1911ರಲ್ಲಿ ಫ್ರೆಡರಿಕ್ ಡಾನನ್ ವಿವರಿಸಿದ ಸಮತೋಲವೇ ಇದಕ್ಕೆ ಆಧಾರ.

ಇಲ್ಲೊಂದು ಮಾತನ್ನು ಒತ್ತಿ ಹೇಳಬೇಕು. ಡಾನನ್ ತಡೆ ಗೋಡೆಯಲ್ಲ, ಒಂದು ಅನುಪಾತ. ಹೊರಗಿನ ದ್ರಾವಣದ ಸಾರತೆ ಪೊರೆಯೊಳಗಿನ ಸ್ಥಿರ ಆವೇಶದ ಸಾರತೆಗಿಂತ ತೀರ ಕಡಿಮೆ ಇರುವವರೆಗೆ ತಡೆ ಬಲವಾಗಿರುತ್ತದೆ. ಹೊರಗಿನ ಸಾರತೆ ಏರಿದಂತೆಲ್ಲ ತಡೆ ಸಡಿಲವಾಗುತ್ತದೆ. ಉಪ್ಪಿನ ಕಾರ್ಖಾನೆಯ ಪೊರೆಯ ಒಂದು ಮುಖಕ್ಕೆ ಲೀಟರಿಗೆ ಅರ್ಧ ಮೋಲಿನಷ್ಟು (ಮೋಲ್ ಎಂದರೆ ಕಣಗಳ ಎಣಿಕೆಯ ಒಂದು ಮಾನ) ಉಪ್ಪಿರುವ ಸಮುದ್ರದ ನೀರು ತಾಗುತ್ತಿದ್ದರೆ, ಇನ್ನೊಂದು ಮುಖಕ್ಕೆ ಅದರ ಸುಮಾರು ಏಳು ಪಟ್ಟು ಗಟ್ಟಿಯಾದ ಉಪ್ಪುನೀರು ತಾಗುತ್ತಿರುತ್ತದೆ. ಗಟ್ಟಿ ನೀರಿನ ಬದಿಯಲ್ಲಿ ಬೇಡದ ಅಯಾನುಗಳೂ ಸ್ವಲ್ಪ ಸ್ವಲ್ಪವಾಗಿ ಪೊರೆಯೊಳಗೆ ನುಸುಳಿ ಹಿಂದಕ್ಕೆ ಹೋಗುತ್ತವೆ. ಆದ್ದರಿಂದ ಹರಿಸಿದ ವಿದ್ಯುತ್ತಿಗೆಲ್ಲ ಉಪ್ಪು ಸಿಗುವುದಿಲ್ಲ. ಒಂದು ಮೋಲ್ ಆವೇಶಕ್ಕೆ ಸುಮಾರು 0.9 ಮೋಲ್ ಉಪ್ಪು ಎಂಬುದು ಲೆಕ್ಕಕ್ಕೆ ಹಿಡಿಯಬಹುದಾದ ಅಂಕಿ.

ನೀರು ದಾಟುವುದು ಎರಡು ದಾರಿಗಳಲ್ಲಿ. ಮೊದಲನೆಯದು ಅಭಿಸರಣೆ, ಅಂದರೆ ತೆಳು ದ್ರಾವಣದ ಬದಿಯಿಂದ ಗಟ್ಟಿ ದ್ರಾವಣದ ಬದಿಗೆ ನೀರು ಪೊರೆಯ ಮೂಲಕ ತಾನಾಗಿ ಸರಿಯುವುದು. ಸಮುದ್ರದ ನೀರಿನ ಅಭಿಸರಣ ಒತ್ತಡ 27 ಬಾರ್‌ನಷ್ಟಿದ್ದರೆ ಗಟ್ಟಿ ಉಪ್ಪುನೀರಿನ ಒತ್ತಡ ಅದರ ಆರೇಳು ಪಟ್ಟು. ಈ ಅಂತರ ಹಗಲು ರಾತ್ರಿ ಎನ್ನದೆ, ವಿದ್ಯುತ್ ಹರಿಯುತ್ತಿರಲಿ ನಿಂತಿರಲಿ, ಸಮುದ್ರದ ಬದಿಯಿಂದ ಉಪ್ಪುನೀರಿನ ಬದಿಗೆ ನೀರನ್ನು ಎಳೆಯುತ್ತಲೇ ಇರುತ್ತದೆ. ಎರಡನೆಯದು ವಿದ್ಯುತ್ ಅಭಿಸರಣೆ. ಸೋಡಿಯಂ ಅಯಾನು ಒಂಟಿಯಾಗಿ ಚಲಿಸುವುದಿಲ್ಲ. ತನ್ನ ಸುತ್ತ ಅಂಟಿಕೊಂಡ ನೀರಿನ ಅಣುಗಳನ್ನು ಹೊತ್ತುಕೊಂಡೇ ಸಾಗುತ್ತದೆ. ಇಷ್ಟೇ ಆಗಿದ್ದರೆ ಲೆಕ್ಕ ಸುಲಭವಿತ್ತು. ಪೊರೆಯೊಳಗಿನ ಇಕ್ಕಟ್ಟಾದ ದಾರಿಯಲ್ಲಿ ಚಲಿಸುವ ಅಯಾನುಗಳೆಲ್ಲ ಬಹುಮಟ್ಟಿಗೆ ಒಂದೇ ಆವೇಶದವು, ಎಲ್ಲವೂ ಒಂದೇ ದಿಕ್ಕಿಗೆ ಹೊರಟಿರುವಂಥವು. ಅವುಗಳ ಘರ್ಷಣೆಗೆ ಸಿಕ್ಕಿ, ಯಾವ ಅಯಾನಿಗೂ ಅಂಟಿಕೊಳ್ಳದ ನಡುವಿನ ನೀರೂ ಅದೇ ದಿಕ್ಕಿಗೆ ತಳ್ಳಿಸಿಕೊಂಡು ಹೋಗುತ್ತದೆ. ಸಂತೆಯ ಕಿರಿದಾದ ಓಣಿಯಲ್ಲಿ ಜನರೆಲ್ಲ ಒಂದೇ ಕಡೆಗೆ ನುಗ್ಗಿದಾಗ ಸುಮ್ಮನೆ ನಿಂತವನೂ ಮುಂದೆ ಸಾಗಿಹೋಗುವಂತೆ ಎಂದುಕೊಳ್ಳಬಹುದು. ಜಾಲ ಸಡಿಲವಾಗಿದ್ದು ಒಳಗೆ ನೀರು ಹೆಚ್ಚಿದ್ದಷ್ಟೂ ಹೀಗೆ ತಳ್ಳಲ್ಪಡುವ ನೀರು ಹೆಚ್ಚು.

ಗಮನಿಸಬೇಕಾದದ್ದೆಂದರೆ, ಈ ಎರಡೂ ದಾರಿಗಳು ನೀರನ್ನು ಒಯ್ಯುವುದು ಉಪ್ಪು ಹೋಗುವ ದಿಕ್ಕಿಗೇ. ಸೋಡಿಯಂ ಒಂದು ಬದಿಯ ಪೊರೆಯಿಂದ ನೀರನ್ನು ತರುತ್ತದೆ, ಕ್ಲೋರೈಡ್ ಎದುರು ಬದಿಯ ಪೊರೆಯಿಂದ ತರುತ್ತದೆ, ಅಭಿಸರಣೆ ಎರಡೂ ಬದಿಗಳಿಂದ ತರುತ್ತದೆ. ನಡುವಿನ ಕೋಣೆಯಲ್ಲಿ ಉಪ್ಪು ಕೂಡುತ್ತಿದ್ದಂತೆ ಅದನ್ನು ತೆಳುವಾಗಿಸುವ ನೀರೂ ಬಂದು ಕೂಡುತ್ತದೆ.

ಒಂದು ಜೋಡಿ ಅಯಾನಿಗೆ ಎಷ್ಟು ನೀರು?

ಜಪಾನಿನ ಉಪ್ಪಿನ ಯಂತ್ರಗಳಲ್ಲಿ ಒಂದು ವೈಶಿಷ್ಟ್ಯವಿದೆ, ಮತ್ತು ನನ್ನ ಅಭಿಪ್ರಾಯದಲ್ಲಿ ಈ ಪ್ರಕರಣವನ್ನು ಇಷ್ಟು ಸ್ಪಷ್ಟವಾದ ಪಾಠವನ್ನಾಗಿ ಮಾಡಿರುವುದು ಅದೇ. ಗಟ್ಟಿ ಉಪ್ಪುನೀರಿನ ಕೋಣೆಗೆ ಹೊರಗಿನಿಂದ ಯಾವ ನೀರನ್ನೂ ಉಣಿಸುವುದಿಲ್ಲ. ಸಮುದ್ರದ ನೀರು ಒಂದು ಬಿಟ್ಟು ಒಂದು ಕೋಣೆಯಲ್ಲಿ ರಭಸವಾಗಿ ಹರಿದು ಹೋಗುತ್ತದೆ. ಅವುಗಳ ನಡುವಿನ ಕೋಣೆಗಳಿಂದ ತುಂಬಿ ಹೊರಚೆಲ್ಲುವುದು ಪೊರೆಯನ್ನು ದಾಟಿ ಬಂದದ್ದು ಮಾತ್ರ. ಆದ್ದರಿಂದ ಆ ಉಪ್ಪುನೀರಿನ ಸಾರತೆ ಎಂದರೆ, ಪೊರೆಯನ್ನು ದಾಟಿದ ಉಪ್ಪಿಗೂ ದಾಟಿದ ನೀರಿಗೂ ಇರುವ ಅನುಪಾತವೇ ಹೊರತು ಬೇರೇನೂ ಅಲ್ಲ. ಪ್ರಯೋಗಶಾಲೆಯಲ್ಲಿ ಕಷ್ಟಪಟ್ಟು ಅಳೆಯಬೇಕಾದ ಅನುಪಾತವೊಂದು ಇಲ್ಲಿ ಕೊಳವೆಯ ಬಾಯಿಯಲ್ಲಿ ತಾನಾಗಿ ಸುರಿಯುತ್ತಿರುತ್ತದೆ.

ಆ ಅನುಪಾತವನ್ನು ಅಣುಗಳ ಲೆಕ್ಕದಲ್ಲಿ ನೋಡೋಣ. ಸಮುದ್ರದ ನೀರಿನಲ್ಲಿ ಪ್ರತಿಯೊಂದು ಸೋಡಿಯಂ ಅಯಾನಿಗೆ ಸುಮಾರು 110 ನೀರಿನ ಅಣುಗಳಿವೆ. ಉಪ್ಪು ಹರಳುಗಟ್ಟಲು ತೊಡಗುವ ಪರ್ಯಾಪ್ತ ದ್ರಾವಣದಲ್ಲಿ ಒಂದು ಜೋಡಿ ಸೋಡಿಯಂ ಕ್ಲೋರೈಡಿಗೆ 9 ಅಣುಗಳಿರುತ್ತವೆ. ಪೊರೆಯ ಯಂತ್ರದಿಂದ ಬರುವ, ಲೀಟರಿಗೆ ಸುಮಾರು 200 ಗ್ರಾಂ ಉಪ್ಪಿರುವ ನೀರಿನಲ್ಲಿ ಆ ಸಂಖ್ಯೆ ಸುಮಾರು 15. ಸಾಣಿಕಟ್ಟಾದ ಬಿಸಿಲು ಮಾಡುವ ಕೆಲಸವೆಂದರೆ 110ರಿಂದ 9ಕ್ಕೆ ಇಳಿಯಲು ನೂರು ನೀರಿನ ಅಣುಗಳನ್ನು ಆಕಾಶಕ್ಕೆ ಕಳಿಸುವುದು. ಪೊರೆಯ ಯಂತ್ರ ಆ ನೂರನ್ನು ಮುಟ್ಟುವುದೇ ಇಲ್ಲ, ಬದಲಿಗೆ ಒಂದು ಜೋಡಿ ಅಯಾನನ್ನು ಎತ್ತಿಕೊಂಡು ಹೋಗುತ್ತದೆ, ಅದರ ಬೆನ್ನಿಗೆ ಬೇಡದಿದ್ದರೂ 15 ಅಣು ನೀರು ಬರುತ್ತದೆ. ಆವೀಕರಣದಲ್ಲಿ ನೀರನ್ನು ತೆಗೆದು ಉಪ್ಪನ್ನು ಉಳಿಸಿಕೊಳ್ಳುತ್ತೇವೆ. ಇಲ್ಲಿ ಉಪ್ಪನ್ನು ತೆಗೆದು ನೀರನ್ನು ಬಿಟ್ಟುಬರುತ್ತೇವೆ. ಸಮುದ್ರದ ನೀರಿನಲ್ಲಿ ಉಪ್ಪು ನೂರಕ್ಕೆ ಮೂರುವರೆ ಪಾಲು ಮಾತ್ರ ಇರುವಾಗ ಎರಡನೆಯ ದಾರಿ ಹಗುರವೆಂಬುದು ಸಹಜ.

ಆದರೆ 15ರಲ್ಲೇ ಏಕೆ ನಿಲ್ಲಬೇಕು, 9ರವರೆಗೆ ಹೋಗಿ ಯಂತ್ರದಿಂದಲೇ ಉಪ್ಪು ಏಕೆ ತೆಗೆಯಬಾರದು? ಒಂದು ಚದರ ಮೀಟರ್ ಪೊರೆ ಜೋಡಿಯನ್ನು, ಅಂದರೆ ಒಂದು ಧನ ಅಯಾನಿನ ಪೊರೆ ಮತ್ತು ಒಂದು ಋಣ ಅಯಾನಿನ ಪೊರೆಯನ್ನು, ತೆಗೆದುಕೊಳ್ಳೋಣ. ಈ ಬಗೆಯ ಯಂತ್ರಗಳಿಗೆ ಸಾಮಾನ್ಯವಾದ 300 ಆಂಪಿಯರ್ ವಿದ್ಯುತ್ತನ್ನು ಅದರಲ್ಲಿ ಹರಿಸಿದರೆ ಗಂಟೆಗೆ 11.2 ಮೋಲ್ ಆವೇಶ ದಾಟುತ್ತದೆ, ಅದರಿಂದ ಸುಮಾರು 10 ಮೋಲ್ ಉಪ್ಪು, ಅಂದರೆ 590 ಗ್ರಾಂ ಸಿಗುತ್ತದೆ. ಜೊತೆಗೆ 150 ಮೋಲ್ ನೀರು ದಾಟಿ, ಒಟ್ಟಿಗೆ ಮೂರು ಲೀಟರಿಗೂ ಸ್ವಲ್ಪ ಕಡಿಮೆ ಗಟ್ಟಿ ಉಪ್ಪುನೀರು ಹೊರಬೀಳುತ್ತದೆ. ಈ 150ರಲ್ಲಿ ಕಾಲು ಭಾಗ, ಅಂದರೆ 38 ಮೋಲ್, ಸುಮ್ಮನೆ ಅಭಿಸರಣೆಯಿಂದ ಬಂದದ್ದು, ಉಳಿದ 112 ಮೋಲ್ ಅಯಾನುಗಳು ಎಳೆದು ತಂದದ್ದು ಎಂದು ಲೆಕ್ಕಕ್ಕಾಗಿ ಭಾವಿಸೋಣ. ನಿಜವಾದ ಪಾಲು ಪೊರೆಯಿಂದ ಪೊರೆಗೆ ಬದಲಾಗುತ್ತದೆ, ಆದರೆ ತರ್ಕ ಬದಲಾಗುವುದಿಲ್ಲ.

ವಿದ್ಯುತ್ತನ್ನು ಅರ್ಧಕ್ಕೆ ಇಳಿಸಿದರೆ ಉಪ್ಪು 5 ಮೋಲಿಗೆ, ಎಳೆದು ತಂದ ನೀರು 56 ಮೋಲಿಗೆ ಇಳಿಯುತ್ತದೆ. ಅಭಿಸರಣೆಯ 38 ಮೋಲ್ ಮಾತ್ರ ಹೆಚ್ಚುಕಡಿಮೆ ಹಾಗೆಯೇ ಉಳಿಯುತ್ತದೆ. ಆಗ ಒಂದು ಜೋಡಿ ಅಯಾನಿಗೆ ನೀರಿನ ಅಣುಗಳು 15ರಿಂದ ಸುಮಾರು 19ಕ್ಕೆ ಏರಿ ಉಪ್ಪುನೀರು ತೆಳುವಾಗುತ್ತದೆ. ವಿದ್ಯುತ್ತನ್ನು ಇಮ್ಮಡಿ ಮಾಡಿದರೆ ಅದು 13ಕ್ಕೆ ಇಳಿಯುತ್ತದೆ. ಎಷ್ಟೇ ಹೆಚ್ಚಿಸಿದರೂ 11.2ಕ್ಕಿಂತ (112ನ್ನು 10ರಿಂದ ಭಾಗಿಸಿದ್ದು) ಕೆಳಗೆ ಇಳಿಯುವುದಿಲ್ಲ, ಏಕೆಂದರೆ ಅಷ್ಟು ನೀರನ್ನು ಅಯಾನುಗಳೇ ಎಳೆದು ತರುತ್ತಿವೆ. ಪರ್ಯಾಪ್ತ ದ್ರಾವಣದ 9 ಅದಕ್ಕೂ ಕೆಳಗಿದೆ. ಇಂಥ ಪೊರೆಯನ್ನು ಬಳಸಿ, ಬರಿಯ ವಿದ್ಯುತ್ತಿನ ಬಲದಿಂದ ಹರಳಿನವರೆಗೆ ಹೋಗಲಾಗದು. ಹಳೆಯ ಗದ್ದೆಗಳ ಕಾಲದಲ್ಲಿದ್ದ ಎರಡನೆಯ ಹೆಜ್ಜೆ, ಅಂದರೆ ಬತ್ತಿಸುವ ಹೆಜ್ಜೆ, ಹೊಸ ಕಾರ್ಖಾನೆಯಲ್ಲೂ ಉಳಿದುಕೊಂಡದ್ದು ಈ ಕಾರಣದಿಂದ.

ವಿದ್ಯುತ್ತನ್ನು ಹೆಚ್ಚಿಸುವುದಕ್ಕೆ ಬೆಲೆಯೂ ಇದೆ. ಒಂದು ಟನ್ ಉಪ್ಪೆಂದರೆ ಸುಮಾರು 17,100 ಮೋಲ್. ದಕ್ಷತೆಯ ನಷ್ಟವನ್ನು ಸೇರಿಸಿದರೆ ಅದಕ್ಕೆ ಒಂದು ಪೊರೆ ಜೋಡಿಯಲ್ಲಿ ಸುಮಾರು 5.1 ಲಕ್ಷ ಆಂಪಿಯರ್-ಗಂಟೆ ವಿದ್ಯುತ್ ಹರಿಯಬೇಕು. ಪ್ರತಿ ಜೋಡಿಗೆ 0.3 ವೋಲ್ಟ್ ಬೇಕಾದರೆ ಖರ್ಚು 150 ಯೂನಿಟ್‌ಗಳ ಆಸುಪಾಸಿನಲ್ಲಿರುತ್ತದೆ, ಮತ್ತು ಜಪಾನಿನ ಕಾರ್ಖಾನೆಗಳ ಅನುಭವವೂ ಈ ಮಟ್ಟದ್ದೇ. ಆ 0.3 ವೋಲ್ಟಿನಲ್ಲಿ ಸುಮಾರು 0.1 ವೋಲ್ಟ್, ಏಳು ಪಟ್ಟು ಸಾರತೆಯ ಅಂತರವಿರುವ ಎರಡು ದ್ರಾವಣಗಳ ನಡುವೆ ಪೊರೆಗಳು ತಾವಾಗಿ ಒಡ್ಡುವ ಎದುರು ವಿಭವ; ಉಳಿದದ್ದು ಪೊರೆ ಮತ್ತು ನೀರಿನ ರೋಧದಲ್ಲಿ ಬಿಸಿಯಾಗಿ ಹೋಗುವಂಥದು. (ಆ ಎದುರು ವಿಭವವನ್ನೇ ತಿರುಗಿಸಿ, ನದಿನೀರು ಮತ್ತು ಸಮುದ್ರದ ನೀರು ಸೇರುವಲ್ಲಿ ವಿದ್ಯುತ್ ಪಡೆಯುವ ಪ್ರಯೋಗ ಘಟಕ 2014ರಲ್ಲಿ ನೆದರ್ಲೆಂಡ್ಸಿನ ಆಫ್ಸ್‌ಲೌಟ್‌ಡೈಕ್ ಅಣೆಕಟ್ಟಿನ ಮೇಲೆ ಆರಂಭವಾಯಿತು.) ವಿದ್ಯುತ್ ಹರಿವನ್ನು ಇಮ್ಮಡಿ ಮಾಡಿದರೆ ರೋಧದ ಪಾಲು 0.2ರಿಂದ 0.4 ವೋಲ್ಟಿಗೆ ಏರಿ, ಟನ್ನಿಗೆ ನೂರು ಯೂನಿಟ್ ಹೆಚ್ಚು ಖರ್ಚಾಗುತ್ತದೆ. ಅದರಿಂದ ಸಿಗುವ ಲಾಭವೇನು? ಒಂದು ಟನ್ ಉಪ್ಪಿಗೆ ಬತ್ತಿಸಬೇಕಾದ ನೀರು 4.6 ಟನ್ನಿನಿಂದ ಸುಮಾರು 4 ಟನ್ನಿಗೆ ಇಳಿಯುತ್ತದೆ. ಒಂದು ಪಾತ್ರೆಯಿಂದೆದ್ದ ಉಗಿಯಿಂದಲೇ ಮುಂದಿನ ಪಾತ್ರೆಯನ್ನು ಕಾಯಿಸುವ ಬಹುಹಂತದ ನಿರ್ವಾತ ಪಾತ್ರೆಗಳಲ್ಲಿ ಆ 0.6 ಟನ್ ನೀರನ್ನು ಬತ್ತಿಸಲು 0.2 ಟನ್ನಿನಷ್ಟು ಉಗಿ ಸಾಕು. ಅಷ್ಟು ಉಗಿಗಾಗಿ ನೂರು ಯೂನಿಟ್ ಕಳೆಯುವುದು ಜಾಣತನವಲ್ಲ.

ಹಾಗೆಂದು ಹರಿವನ್ನು ತೀರ ಇಳಿಸಿದರೆ ಉಪ್ಪುನೀರು ತೆಳುವಾಗುವುದು ಮಾತ್ರವಲ್ಲ, ಬೇಕಾಗುವ ಪೊರೆಯ ವಿಸ್ತೀರ್ಣವೂ ಬೆಳೆಯುತ್ತದೆ. 300 ಆಂಪಿಯರಿನಲ್ಲಿ ದಿನಕ್ಕೆ ಒಂದು ಟನ್ ಉಪ್ಪಿಗೆ ಸುಮಾರು 70 ಚದರ ಮೀಟರ್ ಜೋಡಿ ಬೇಕು. 150 ಆಂಪಿಯರಿನಲ್ಲಿ ಅದರ ಎರಡು ಪಟ್ಟು. ಹೀಗೆ ವಿದ್ಯುತ್, ಉಗಿ, ಪೊರೆಯ ಬೆಲೆ ಮೂರನ್ನೂ ತೂಗಿ ನೋಡಿದಾಗ ಹೊಂದುವ ನೆಲೆಯೇ ಆ 15. ಕಾರ್ಖಾನೆಗಳ ವಿನ್ಯಾಸವೂ ಇದೇ ತೂಕಕ್ಕೆ ಹೊಂದಿಕೊಂಡಿತು: ತಮ್ಮದೇ ಬಾಯ್ಲರಿನಲ್ಲಿ ಹೆಚ್ಚಿನ ಒತ್ತಡದ ಉಗಿ ಮಾಡಿ, ಅದರಿಂದ ಟರ್ಬೈನು ತಿರುಗಿಸಿ, ಬಂದ ವಿದ್ಯುತ್ತನ್ನು ಪೊರೆಯ ಯಂತ್ರಕ್ಕೆ ಕೊಟ್ಟು, ಟರ್ಬೈನಿನಿಂದ ಹೊರಬಂದ ಉಗಿಯನ್ನು ಬತ್ತಿಸುವ ಪಾತ್ರೆಗಳಿಗೆ ಹಾಯಿಸಿದರು. ಪೊರೆಯ ಮೂಲಕ ಹೆಚ್ಚು ನೀರು ಬಂದರೆ ಉಗಿಯ ಬೇಡಿಕೆ ಏರುತ್ತದೆ, ರೋಧ ಹೆಚ್ಚಾದರೆ ವಿದ್ಯುತ್ತಿನ ಬೇಡಿಕೆ ಏರುತ್ತದೆ. ಎರಡೂ ಒಂದೇ ಬಾಯ್ಲರಿನ ಮೇಲೆ ಬೀಳುತ್ತವೆ.

ಪೊರೆ ತಯಾರಕರ ಪಾಲಿಗೆ ಇದು ಒಂದೇ ಹಗ್ಗದ ಎರಡು ತುದಿ. ಅಡ್ಡಬಂಧಗಳನ್ನು ಹೆಚ್ಚಿಸಿ ಜಾಲವನ್ನು ಬಿಗಿಗೊಳಿಸಿದರೆ ನೀರಿನ ಎಳೆತ ಕಡಿಮೆಯಾಗುತ್ತದೆ, ಆದರೆ ಅಯಾನುಗಳ ಓಡಾಟವೂ ಕಷ್ಟವಾಗಿ ರೋಧ ಏರುತ್ತದೆ. ಜಾಲವನ್ನು ಬಿಗಿಯಾಗಿಟ್ಟು ಪೊರೆಯನ್ನು ತೆಳುವಾಗಿಸಿದರೆ ರೋಧ ಇಳಿಯುತ್ತದೆ, ಆದರೆ ಅಭಿಸರಣೆ ಏರುತ್ತದೆ, ಹಾಳೆಯ ಬಲವೂ ಕುಗ್ಗುತ್ತದೆ. ಅಸಾಹಿ ಕೆಮಿಕಲ್, ಅಸಾಹಿ ಗ್ಲಾಸ್, ಟೊಕುಯಾಮಾ ಸೋಡಾ ಎಂಬ ಮೂರು ಕಂಪನಿಗಳು ಈ ಎರಡು ತುದಿಗಳ ನಡುವೆ ಹದ ಹುಡುಕುತ್ತ ಉಪ್ಪಿಗೆಂದೇ ಪೊರೆಗಳನ್ನು ರೂಪಿಸಿದವು. ಚೌಳು ನೀರಿಗೆ ಮಾಡಿದ ಪೊರೆಯನ್ನು ತಂದು ಉಪ್ಪಿಗೆ ಹಾಕಿಕೊಳ್ಳುವಂತಿರಲಿಲ್ಲ ಎಂಬುದೇ ಈ ಉದ್ಯಮಕ್ಕೆ ತನ್ನದೇ ಆದ ಸಂಶೋಧನೆ ಏಕೆ ಬೇಕಾಯಿತೆಂಬುದನ್ನು ಹೇಳುತ್ತದೆ.

ಋತುವಿನ ಪ್ರಭಾವವೂ ಇದೇ ಲೆಕ್ಕದೊಳಗೆ ಬರುತ್ತದೆ. ಬೇಸಿಗೆಯಲ್ಲಿ ಸಮುದ್ರದ ನೀರು ಬೆಚ್ಚಗಾದಾಗ ರೋಧ ಇಳಿದು ವಿದ್ಯುತ್ ಉಳಿಯುತ್ತದೆ, ಆದರೆ ಅಭಿಸರಣೆಯೂ ಉಪ್ಪಿನ ಹಿಮ್ಮುಖ ವಿಸರಣೆಯೂ ಚುರುಕಾಗಿ ಉಪ್ಪುನೀರು ತೆಳುವಾಗುತ್ತದೆ. ಚಳಿಗಾಲದಲ್ಲಿ ಇದಕ್ಕೆ ವಿರುದ್ಧ.

ಸಲ್ಫೇಟಿನ ತೊಡಕು

ಸಮುದ್ರದ ನೀರು ಬರಿಯ ಸೋಡಿಯಂ ಕ್ಲೋರೈಡ್ ಅಲ್ಲ. ಒಂದು ಕಿಲೋಗ್ರಾಂ ನೀರಿನಲ್ಲಿ 0.4 ಗ್ರಾಂ ಕ್ಯಾಲ್ಸಿಯಂ, 1.3 ಗ್ರಾಂ ಮೆಗ್ನೀಸಿಯಂ, 2.7 ಗ್ರಾಂ ಸಲ್ಫೇಟ್ ಇರುತ್ತವೆ. ಇವೆಲ್ಲ ಸಮನಾಗಿ ದಾಟಿಬಂದು ಏಳು ಪಟ್ಟು ಗಟ್ಟಿಯಾದರೆ ಕ್ಯಾಲ್ಸಿಯಂ ಮತ್ತು ಸಲ್ಫೇಟ್ ಸೇರಿ ಜಿಪ್ಸಂ ಆಗಿ, ಮಿಲಿಮೀಟರಿಗೂ ಕಿರಿದಾದ ಕೋಣೆಗಳೊಳಗೆ ಹೆಪ್ಪುಗಟ್ಟುತ್ತದೆ. ಬಿಸಿಲಿನ ಆಗರದಲ್ಲಿ ಇದು ತೊಂದರೆಯೇ ಅಲ್ಲ: ನೀರನ್ನು ಪಾತಿಯಿಂದ ಪಾತಿಗೆ ಸಾಗಿಸುವಾಗ ನಡುವಿನ ಪಾತಿಗಳ ತಳದಲ್ಲಿ ಜಿಪ್ಸಂ ಕೂತುಬಿಡುತ್ತದೆ, ಉಪ್ಪು ಮುಂದಿನ ಪಾತಿಯಲ್ಲಿ ಬೆಳೆಯುತ್ತದೆ. ಸಾವಿರಾರು ಜೋಡಿ ಪೊರೆಗಳನ್ನು ಒತ್ತಾಗಿ ಜೋಡಿಸಿದ ಯಂತ್ರದಲ್ಲಿ ಹೀಗೆ ಕೂರಲು ಜಾಗವಿಲ್ಲ.

ಪರಿಹಾರವನ್ನು ಪೊರೆಯ ಮೇಲ್ಮೈಯಲ್ಲಿ ಕಂಡುಕೊಂಡರು. ಧನ ಅಯಾನಿನ ಪೊರೆಯ ಮೇಲೆ, ಸಮುದ್ರದ ನೀರಿನ ಬದಿಗೆ, ಪಾಲಿಎಥಿಲೀನ್‌ಇಮೈನಿನಂಥ ಧನ ಆವೇಶದ ಪಾಲಿಮರನ್ನು ತೀರ ತೆಳುವಾಗಿ ಲೇಪಿಸಿದರೆ, ಒಂಟಿ ಆವೇಶದ ಸೋಡಿಯಂ ಹೇಗೋ ದಾಟುತ್ತದೆ, ಜೋಡಿ ಆವೇಶದ ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ ಹೆಚ್ಚು ಬಲವಾಗಿ ಹಿಮ್ಮೆಟ್ಟುತ್ತವೆ. ಋಣ ಅಯಾನಿನ ಪೊರೆಯ ಮೇಲ್ಪದರವನ್ನು ಬಿಗಿಯಾಗಿಯೂ ನೀರನ್ನು ಕಡಿಮೆ ಹೀರುವಂತೆಯೂ ಮಾಡಿದರೆ, ತನ್ನ ಸುತ್ತ ನೀರಿನ ದೊಡ್ಡ ಕವಚ ಹೊತ್ತ ಸಲ್ಫೇಟ್ ಆ ಪದರವನ್ನು ಹೊಗಲಾರದೆ ಹೊರಗುಳಿಯುತ್ತದೆ. ಇಲ್ಲಿಯೂ ನಿರ್ಣಾಯಕವಾದದ್ದು ನೀರೇ. ಕ್ಲೋರೈಡ್ ತನ್ನ ನೀರನ್ನು ಸಡಿಲವಾಗಿ ಹಿಡಿದಿರುವುದರಿಂದ ಸುಲಭವಾಗಿ ಬಿಟ್ಟುಕೊಟ್ಟು ಒಳನುಗ್ಗುತ್ತದೆ; ಸಲ್ಫೇಟ್ ಬಿಗಿಯಾಗಿ ಹಿಡಿದಿರುವುದರಿಂದ ಬಾಗಿಲಲ್ಲೇ ನಿಲ್ಲುತ್ತದೆ.

ಇದರ ಪರಿಣಾಮ ಕಾರ್ಖಾನೆಯ ಕೊನೆಯ ಪಾತ್ರೆಯವರೆಗೂ ಕಾಣುತ್ತದೆ. ಉಪ್ಪು ಹರಳುಗಟ್ಟಿದ ಮೇಲೆ ಉಳಿಯುವ ಕಹಿ ದ್ರವವನ್ನು ಜಪಾನಿನಲ್ಲಿ ‘ನಿಗಾರಿ’ ಎನ್ನುತ್ತಾರೆ; ಸೋಯಾ ಹಾಲನ್ನು ಒಡೆಸಿ ತೋಫು ಮಾಡಲು ಅದು ಬೇಕು. ಬಿಸಿಲಿನಿಂದ ಮಾಡಿದ ಉಪ್ಪಿನ ನಿಗಾರಿಯಲ್ಲಿ ಮೆಗ್ನೀಸಿಯಂ ಸಲ್ಫೇಟ್ ಇರುತ್ತದೆ. ಪೊರೆಯ ನಿಗಾರಿಯಲ್ಲಿ ಸಲ್ಫೇಟ್ ಇಲ್ಲವೆನ್ನುವಷ್ಟು ಕಡಿಮೆಯಿದ್ದು, ಪೊಟ್ಯಾಸಿಯಂ ಕ್ಲೋರೈಡ್ ಮತ್ತು ಕ್ಯಾಲ್ಸಿಯಂ ಕ್ಲೋರೈಡ್ ಎದ್ದು ಕಾಣುತ್ತವೆ. ಮೇಲ್ಮೈಯ ಆ ಅತಿತೆಳು ಪದರ ಏನು ಮಾಡಿತೆಂಬುದಕ್ಕೆ ಇದಕ್ಕಿಂತ ನೇರವಾದ ಸಾಕ್ಷಿ ಬೇಡ.

ಬದಲಾವಣೆಯ ಬಳಿಕ

1972ರ ನಿರ್ಧಾರವನ್ನು ಎಲ್ಲರೂ ಒಪ್ಪಲಿಲ್ಲ. ಶೇಕಡಾ 99ಕ್ಕೂ ಹೆಚ್ಚು ಶುದ್ಧವಾದ ಉಪ್ಪಿನಲ್ಲಿ ಹಳೆಯ ಉಪ್ಪಿನ ರುಚಿಯಿಲ್ಲ, ಮೆಗ್ನೀಸಿಯಂ ಮುಂತಾದವು ಕಳೆದುಹೋಗಿವೆ ಎಂದು ಆಕ್ಷೇಪಿಸಿದವರು ಗದ್ದೆಯ ಉಪ್ಪನ್ನು ಉಳಿಸಿಕೊಳ್ಳಲು ಚಳವಳಿಯನ್ನೇ ನಡೆಸಿದರು. ಸುಜು ತೀರದಲ್ಲಿ ಮರಳಿನ ಗದ್ದೆಯ ಪದ್ಧತಿ ಪೂರ್ತಿ ಅಳಿಯದೆ ಉಳಿಯಿತು. ಗದ್ದೆಗಳನ್ನೇ ನಂಬಿ ಬದುಕಿದ ಊರುಗಳ ದುಃಖವನ್ನು ನಾನು ಹಗುರವಾಗಿ ಕಾಣಲಾರೆ. ತಲೆಮಾರುಗಳ ಕೈಕಸುಬೊಂದು ಒಂದು ಕಾಯ್ದೆಯಿಂದ ನಿಂತುಹೋಗುವುದು ಸಣ್ಣ ಸಂಗತಿಯಲ್ಲ. ರುಚಿಯ ಆಕ್ಷೇಪವೂ ರಸಾಯನಶಾಸ್ತ್ರದ ದೃಷ್ಟಿಯಿಂದ ನಿರಾಧಾರವಲ್ಲ, ಏಕೆಂದರೆ ಪೊರೆಯ ಮೇಲ್ಪದರವನ್ನು ರೂಪಿಸಿದ್ದೇ ಆ ಇತರ ಅಯಾನುಗಳನ್ನು ತಡೆಯುವುದಕ್ಕಾಗಿ. ಇನ್ನೊಂದು ಬದಿಯನ್ನೂ ಹೇಳಬೇಕು: ಆವೇಶವಿಲ್ಲದ ದೊಡ್ಡ ಅಣುಗಳನ್ನು ಪೊರೆಯತ್ತ ಎಳೆಯುವ ಬಲವೂ ಇಲ್ಲ, ಅವುಗಳಿಗೆ ಒಳಗೆ ದಾರಿಯೂ ಇಲ್ಲ. ಕರಾವಳಿಯ ಮಾಲಿನ್ಯ ಜಪಾನಿನಲ್ಲಿ ದೊಡ್ಡ ಆತಂಕವಾಗಿದ್ದ ಆ ವರ್ಷಗಳಲ್ಲಿ ಇದು ಕಡಿಮೆ ಮಹತ್ವದ ಗುಣವಾಗಿರಲಿಲ್ಲ.

ಬೇರೆ ದೇಶಗಳು ಇದನ್ನು ಇದೇ ಪ್ರಮಾಣದಲ್ಲಿ ಅನುಸರಿಸದಿರುವುದಕ್ಕೆ ಕಾರಣ ಸರಳ. ಗುಜರಾತಿನ ಕರಾವಳಿಯಂಥ ಒಣನಾಡಿನಲ್ಲಿ ಸೂರ್ಯ ನೂರು ನೀರಿನ ಅಣುಗಳನ್ನು ಉಚಿತವಾಗಿ ಎತ್ತಿಕೊಂಡು ಹೋಗುವಾಗ, ಟನ್ನಿಗೆ 150 ಯೂನಿಟ್ ಕೊಟ್ಟು ಅಯಾನನ್ನು ಎತ್ತುವ ಅಗತ್ಯವಿಲ್ಲ. ಜಪಾನು ಕೂಡ ತನ್ನ ರಾಸಾಯನಿಕ ಉದ್ಯಮಕ್ಕೆ ಬೇಕಾದ ಉಪ್ಪನ್ನು ಬಹುಪಾಲು ಆಸ್ಟ್ರೇಲಿಯಾ ಮತ್ತು ಮೆಕ್ಸಿಕೋದ ಬಿಸಿಲಿನ ಆಗರಗಳಿಂದಲೇ ತರಿಸಿಕೊಳ್ಳುತ್ತದೆ. ಭಾರತದಲ್ಲಿ ಭಾವನಗರದ ಕೇಂದ್ರೀಯ ಉಪ್ಪು ಮತ್ತು ಸಾಗರ ರಾಸಾಯನಿಕಗಳ ಸಂಶೋಧನಾ ಸಂಸ್ಥೆ ಇಂಥ ಪೊರೆಗಳ ಮೇಲೆ ದೀರ್ಘಕಾಲದಿಂದ ಕೆಲಸ ಮಾಡುತ್ತ ಬಂದಿದೆ. ಇಲ್ಲಿ ಅವುಗಳ ಸಹಜ ಬಳಕೆ ಚೌಳು ನೀರನ್ನು ಕುಡಿಯಲು ಯೋಗ್ಯವಾಗಿಸುವುದರಲ್ಲಿದೆ.

ಆದರೆ ಈಚೆಗೆ ನಮ್ಮಲ್ಲೂ ಜಪಾನಿನ ಪ್ರಶ್ನೆ ಬೇರೊಂದು ಬಾಗಿಲಿನಿಂದ ಒಳಬಂದಿದೆ. ತಿರುಪ್ಪೂರಿನ ಬಣ್ಣದ ಕಾರ್ಖಾನೆಗಳಂಥಲ್ಲಿ, ಒಂದು ಹನಿ ತ್ಯಾಜ್ಯನೀರನ್ನೂ ಹೊರಬಿಡಬಾರದೆಂಬ ನಿಯಮದಡಿ, ಶುದ್ಧೀಕರಣದ ಬಳಿಕ ಉಳಿದ ಉಪ್ಪುನೀರನ್ನು ಕೊನೆಗೆ ಉಗಿಯಿಂದ ಬತ್ತಿಸಬೇಕಾಗುತ್ತದೆ, ಮತ್ತು ಅತ್ಯಂತ ದುಬಾರಿಯಾದ ಹಂತ ಅದೇ. ಬತ್ತಿಸುವ ಮೊದಲು ಆ ನೀರನ್ನು ಪೊರೆಯಿಂದ ಇನ್ನಷ್ಟು ಗಟ್ಟಿಗೊಳಿಸಲು ಹೊರಟಾಗ, ಸೆತೋ ದಂಡೆಯಲ್ಲಿ ಮಾಡಿದ ಲೆಕ್ಕವನ್ನೇ ಮತ್ತೆ ಮಾಡಬೇಕು. ಬಟ್ಟೆಗೆ ಬಣ್ಣ ಹಾಕುವಲ್ಲಿ ಸೋಡಿಯಂ ಸಲ್ಫೇಟನ್ನು ಬಳಸಿದ್ದರೆ, ಆಕೋ ಮತ್ತು ನಾರುತೋದ ಯಂತ್ರಗಳು ಬಾಗಿಲಲ್ಲೇ ತಡೆದು ನಿಲ್ಲಿಸಿದ ಆ ಅಯಾನನ್ನೇ ಇಲ್ಲಿ ದಾಟಿಸಬೇಕಾಗುತ್ತದೆ. ಅದು ತನ್ನ ದೊಡ್ಡ ಕವಚದ ಜೊತೆ ಎಷ್ಟು ನೀರನ್ನು ಎಳೆದು ತರುತ್ತದೆ ಎಂಬ ಅಂಕಿಯನ್ನು ಅಡುಗೆ ಉಪ್ಪಿನ 15ರಿಂದ ಊಹಿಸಲಾಗದು, ಆಯ್ದುಕೊಂಡ ಪೊರೆಯಲ್ಲೇ ಅಳೆದು ತಿಳಿಯಬೇಕು.